ಒಬ್ಬರ ವಾರದ 40 ಗಂಟೆಯನ್ನು ಹಲವು ಪ್ರಾಜೆಕ್ಟ್‌ಗಳಿಗೆ ಹಂಚುವಾಗ ಶೇಕಡಾವಾರು ಹಾಕಬೇಕೋ, ಗಂಟೆ ಹಾಕಬೇಕೋ?

ಪ್ರಶ್ನೆ: ಯೋಜನಾ ಸಂಯೋಜಕಿ, ಜಯನಗರ

ಎಲ್ಲರಿಗೂ ನಮಸ್ಕಾರ. ಕಟ್ಟಡಗಳ ಸ್ಟ್ರಕ್ಚರಲ್ ವಿನ್ಯಾಸ ಮಾಡಿಕೊಡುವ ಕನ್ಸಲ್ಟೆನ್ಸಿಯೊಂದರಲ್ಲಿ, ಯಾರು ಯಾವ ಪ್ರಾಜೆಕ್ಟ್‌ಗೆ ಎಷ್ಟು ಹೊತ್ತು ಕೊಡಬೇಕು ಎಂಬುದನ್ನು ನಿಗದಿ ಮಾಡುವ ಹೊಣೆ ನನ್ನ ಮೇಲಿದೆ. ಇಂಜಿನಿಯರುಗಳು, ಡ್ರಾಫ್ಟ್ಸ್‌ಮನ್‌ಗಳು, ಮಾಡೆಲಿಂಗ್ ಮಾಡುವವರು ಎಲ್ಲ ಸೇರಿ ಮೂವತ್ತಕ್ಕೂ ಹೆಚ್ಚು ಮಂದಿ ಇದ್ದೇವೆ. ಮೊದಲು ಎಕ್ಸೆಲ್ ಹಾಳೆಯಲ್ಲಿ ನಡೆಯುತ್ತಿದ್ದ ಈ ಲೆಕ್ಕವನ್ನು ಈಗ ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಎಂಬ ಯೋಜನಾ ಸಾಫ್ಟ್‌ವೇರ್‌ಗೆ ತಂದಿದ್ದೇವೆ. ಪ್ರತಿ ಪ್ರಾಜೆಕ್ಟ್‌ಗೂ ಪ್ರತ್ಯೇಕ ಫೈಲ್ ಇದೆ. ಎಲ್ಲ ಫೈಲ್‌ಗಳೂ ಒಂದೇ ರಿಸೋರ್ಸ್ ಪೂಲ್ ಅನ್ನು, ಅಂದರೆ ಸಿಬ್ಬಂದಿಯ ಪಟ್ಟಿ ಇರುವ ಫೈಲ್ ಅನ್ನು, ಹಂಚಿಕೊಂಡಿವೆ. ಆಯಾ ಪ್ರಾಜೆಕ್ಟಿನ ಮುಖ್ಯಸ್ಥರು ತಮಗೆ ಬೇಕಾದವರ ಹೆಸರಿನ ಮುಂದೆ ಶೇಕಡಾ 30, ಶೇಕಡಾ 40 ಎಂದು ಬರೆದುಕೊಳ್ಳುತ್ತಾರೆ.

ತೊಂದರೆ ಏನೆಂದರೆ, ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹಿರಿಯ ಇಂಜಿನಿಯರರೊಬ್ಬರ ಹಂಚಿಕೆ ಶೇಕಡಾ 95 ಇದೆ, ಮಿತಿ ಮೀರಿದರೆ ಬರುವ ಕೆಂಪು ಬಣ್ಣ ಬಂದಿಲ್ಲ. ಆದರೂ ಅವರ ಕೈಯಿಂದ ಹೊರಡಬೇಕಾದ ಡ್ರಾಯಿಂಗ್‌ಗಳು ಪ್ರತಿ ವಾರವೂ ಎರಡು ಮೂರು ದಿನ ತಡವಾಗುತ್ತಿವೆ. ಇನ್ನೊಂದು ಕಡೆ, ಶೇಕಡಾ 60 ಎಂದು ತೋರಿಸುವ ಡ್ರಾಫ್ಟ್ಸ್‌ಮನ್ ತಮಗೆ ಉಸಿರಾಡಲೂ ಪುರುಸೊತ್ತಿಲ್ಲ ಎನ್ನುತ್ತಾರೆ, ಮತ್ತು ಅವರ ಮೇಜಿನ ಸ್ಥಿತಿ ನೋಡಿದರೆ ಅದು ಸುಳ್ಳೆಂದು ನನಗೆ ಅನ್ನಿಸುವುದಿಲ್ಲ. ತಿಂಗಳ ಕೊನೆಗೆ ಆಡಳಿತದವರು ಯುಟಿಲೈಸೇಶನ್ (ಒಟ್ಟು ಹೊತ್ತಿನಲ್ಲಿ ಪ್ರಾಜೆಕ್ಟ್‌ಗೆ ಬಳಕೆಯಾದ ಶೇಕಡಾ) ಏಕೆ 100 ಇಲ್ಲ ಎಂದು ಕೇಳುತ್ತಾರೆ. ಇವುಗಳ ನಡುವೆ, ಇನ್ನೂ ಕೈಗೆ ಬಾರದ ಎರಡು ಟೆಂಡರ್‌ಗಳಿಗೂ ಇದೇ ಜನರ ಹೆಸರನ್ನು ಹಾಕಿಡಬೇಕಾಗಿದೆ.

ಹಂಚಿಕೆಯನ್ನು ಶೇಕಡಾವಾರಿನಲ್ಲಿ ಮಾಡುವುದು ಸರಿಯೋ, ಗಂಟೆಗಳಲ್ಲೋ? ದಿನದ ಲೆಕ್ಕವೋ, ವಾರದ ಲೆಕ್ಕವೋ? ಟೆಂಡರ್ ಹಂತದ ಕೆಲಸವನ್ನು ಎಲ್ಲಿ ಹಾಕಬೇಕು? ಈ ಕೆಲಸವನ್ನು ದಿನವೂ ಮಾಡುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಪ್ರಾಜೆಕ್ಟ್ ಮ್ಯಾನೇಜರ್, ಸಾಫ್ಟ್‌ವೇರ್ ಸೇವೆ, ವೈಟ್‌ಫೀಲ್ಡ್

ಶೇಕಡಾವಾರೋ ಗಂಟೆಯೋ ಎಂಬುದಕ್ಕಿಂತ ಮೊದಲು, ಯಾವುದರ ಶೇಕಡಾ ಎಂಬುದು ಇತ್ಯರ್ಥವಾಗಬೇಕು. ನೀವು ಹೇಳಿದ ಸಾಫ್ಟ್‌ವೇರ್‌ನಲ್ಲಿ ಶೇಕಡಾ 50 ಎಂದರೆ ಆ ವ್ಯಕ್ತಿಯ ಕ್ಯಾಲೆಂಡರಿನಲ್ಲಿರುವ ಕೆಲಸದ ಹೊತ್ತಿನ ಅರ್ಧ. ಆ ಕ್ಯಾಲೆಂಡರನ್ನು ಯಾರೂ ಮುಟ್ಟದೆ ಬಿಟ್ಟಿದ್ದರೆ ಅದು ಸಾಫ್ಟ್‌ವೇರ್ ಜೊತೆಗೇ ಬಂದ ಸ್ಟ್ಯಾಂಡರ್ಡ್ ಕ್ಯಾಲೆಂಡರ್ ಆಗಿರುತ್ತದೆ: ಸೋಮವಾರದಿಂದ ಶುಕ್ರವಾರದವರೆಗೆ, ಬೆಳಿಗ್ಗೆ 8ರಿಂದ 12, ಮಧ್ಯಾಹ್ನ 1ರಿಂದ 5. ಅದರಲ್ಲಿ ಒಂದೇ ಒಂದು ರಜೆಯೂ ಇರುವುದಿಲ್ಲ. ಯುಗಾದಿಯಾಗಲಿ ಆಯುಧಪೂಜೆಯಾಗಲಿ ಅದಕ್ಕೆ ಮಾಮೂಲಿ ಎಂಟು ಗಂಟೆಯ ದಿನವೇ. ಹೀಗಿರುವಾಗ ಶೇಕಡಾ 95 ಎಂಬ ಅಂಕಿ ನೋಡಿ ನೀವು ನೆಮ್ಮದಿಯಾಗಿರುವುದರಲ್ಲಿ ಅರ್ಥವಿಲ್ಲ, ಏಕೆಂದರೆ ತಪ್ಪು ಇರುವುದು ಮೇಲಿನ ಅಂಕಿಯಲ್ಲಲ್ಲ, ಛೇದದಲ್ಲಿ.

ಒಂದು ವರ್ಷದ ಲೆಕ್ಕ ಹಾಕಿ ನೋಡಿ. 52 ವಾರ, ವಾರಕ್ಕೆ 40 ಗಂಟೆ ಎಂದರೆ 2080 ಗಂಟೆ. ಹಬ್ಬ ಮತ್ತು ರಾಷ್ಟ್ರೀಯ ರಜೆಗಳು 10 ದಿನ ಎಂದುಕೊಂಡರೆ 80 ಗಂಟೆ ಹೋಯಿತು. ಗಳಿಕೆ ರಜೆ, ಅನಾರೋಗ್ಯದ ರಜೆ ಸೇರಿ 30 ದಿನ ಎಂದುಕೊಂಡರೆ ಇನ್ನೂ 240 ಗಂಟೆ. ಉಳಿದದ್ದು 1760, ವಾರಕ್ಕೆ ಸರಾಸರಿ 34 ಗಂಟೆಗೂ ಸ್ವಲ್ಪ ಕಡಿಮೆ. ಕಚೇರಿಯ ಸಭೆ, ಹೊಸಬರಿಗೆ ಕಲಿಸುವುದು, ಇಮೇಲ್, ಸಂದರ್ಶನ ತೆಗೆದುಕೊಳ್ಳುವುದು ಇವಕ್ಕೆ ವಾರಕ್ಕೆ ನಾಲ್ಕು ಗಂಟೆ ಬಿಟ್ಟರೆ ಪ್ರಾಜೆಕ್ಟ್‌ಗೆ ಸಿಗುವುದು 30 ಗಂಟೆ. ನಿಮ್ಮ ಆಡಳಿತದವರು ಕೇಳುವ 100 ಎನ್ನುವುದು 2080ರ ಮೇಲೆ ಲೆಕ್ಕ ಹಾಕಿದ್ದಾದರೆ, ಪೂರ್ತಿ ದುಡಿಯುವ ಮನುಷ್ಯನಿಗೂ ಅದು 75ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇದನ್ನು ಒಮ್ಮೆ ಹಾಳೆಯ ಮೇಲೆ ಬರೆದು ಅವರ ಮುಂದಿಡಿ. ತಿಂಗಳ ಕೊನೆಯ ಆ ಪ್ರಶ್ನೆ ಅರ್ಧಕ್ಕರ್ಧ ಅಲ್ಲಿಗೇ ಮುಗಿಯುತ್ತದೆ.

ಇನ್ನು ನಿಮ್ಮ ಮೂಲ ಪ್ರಶ್ನೆ. ನಾನು ಗಂಟೆಯ ಪಕ್ಷ, ಅದರಲ್ಲೂ ವಾರದ ಗಂಟೆ. ಶೇಕಡಾವಾರು ಬರೆಯುವವರು ಕೆಲಸವನ್ನು ಅಳೆಯುವುದಿಲ್ಲ, ಮನುಷ್ಯರ ಮೇಲೆ ಹಕ್ಕು ಬರೆದುಕೊಳ್ಳುತ್ತಾರೆ. ‘ನನಗೆ ಅವರ ಶೇಕಡಾ 30 ಬೇಕು’ ಎನ್ನುವುದು ಸುಲಭ. ‘ಈ ವಾರ ಅಡಿಪಾಯದ ಡ್ರಾಯಿಂಗ್‌ಗೆ 12 ಗಂಟೆ ಬೇಕು’ ಎನ್ನಬೇಕಾದರೆ ಕೆಲಸ ಏನೆಂದು ಯೋಚಿಸಲೇಬೇಕು. ಸಾಫ್ಟ್‌ವೇರ್ ಒಳಗೆ ನಡೆಯುವ ಗುಣಾಕಾರ ಒಂದೇ: ಕೆಲಸದ ಗಂಟೆ ಎಂದರೆ ಅವಧಿ ಗುಣಿಸು ಯೂನಿಟ್ (ಹೆಸರಿನ ಮುಂದೆ ಬರೆಯುವ ಶೇಕಡಾ). ಇವುಗಳಲ್ಲಿ ಯಾವುದನ್ನು ಕಟ್ಟಿಹಾಕಬೇಕು ಎಂಬುದನ್ನು ಪ್ರತಿ ಕೆಲಸಕ್ಕೂ ಆರಿಸುವ ಟಾಸ್ಕ್ ಟೈಪ್ ನಿರ್ಧರಿಸುತ್ತದೆ. ‘ಫಿಕ್ಸೆಡ್ ಯೂನಿಟ್ಸ್’ ಇರುವ 40 ಗಂಟೆಯ ಕೆಲಸದಲ್ಲಿ ಒಬ್ಬರನ್ನು 100ರಿಂದ 50ಕ್ಕೆ ಇಳಿಸಿದರೆ ಐದು ದಿನದ ಕೆಲಸ ಹತ್ತು ದಿನವಾಗುತ್ತದೆ, ಗಂಟೆ 40 ಆಗಿಯೇ ಉಳಿಯುತ್ತದೆ. ‘ಫಿಕ್ಸೆಡ್ ಡ್ಯೂರೇಶನ್’ ಇದ್ದರೆ ಅದೇ ಬದಲಾವಣೆಗೆ ದಿನ ಐದಾಗಿಯೇ ಇದ್ದು ಗಂಟೆ 20ಕ್ಕೆ ಇಳಿಯುತ್ತದೆ, ಅಂದರೆ ಅರ್ಧ ಕೆಲಸ ಸದ್ದಿಲ್ಲದೆ ಮಾಯವಾಗುತ್ತದೆ. ನಿಮ್ಮ ಡ್ರಾಫ್ಟ್ಸ್‌ಮನ್ ಅವರ ಶೇಕಡಾ 60ರ ಹಿಂದೆ ಇಂಥದ್ದೇನಾದರೂ ಇದೆಯೇ ಎಂದು ಒಮ್ಮೆ ನೋಡಿ.

ದಿನದ ಲೆಕ್ಕಕ್ಕೆ ಹೋಗಬೇಡಿ. ಲೆವೆಲಿಂಗ್ (ಮಿತಿ ಮೀರಿದ ಕೆಲಸವನ್ನು ಮುಂದೂಡಿ ಸರಿಹೊಂದಿಸುವುದು) ಆಯ್ಕೆಗಳಲ್ಲಿ ಅತಿ ಹಂಚಿಕೆಯನ್ನು ಯಾವ ಅಳತೆಯಲ್ಲಿ ಹುಡುಕಬೇಕು ಎಂದು ಹೇಳುವ ಜಾಗವಿದೆ. ಅದು ಮೊದಲಿಗೆ ದಿನಕ್ಕೆ ನಿಗದಿಯಾಗಿರುತ್ತದೆ. ವಾರಕ್ಕೆ ಬದಲಿಸಿಕೊಂಡರೆ ಮಂಗಳವಾರ ಹತ್ತು ಗಂಟೆ, ಬುಧವಾರ ಆರು ಗಂಟೆ ಎಂಬಂಥ ಸಣ್ಣ ಏರುಪೇರುಗಳ ಹಿಂದೆ ನೀವು ಓಡಬೇಕಾಗುವುದಿಲ್ಲ.

ಉತ್ತರ: ಸಿಬ್ಬಂದಿ ಮತ್ತು ಲೆಕ್ಕಪತ್ರ ವಿಭಾಗ, ರಾಜಾಜಿನಗರ

ಮೇಲಿನ ಉತ್ತರವನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಅದನ್ನು ಹಾಗೆಯೇ ಜಾರಿಗೆ ತಂದರೆ ಒಂದೇ ರಜೆಯನ್ನು ಎರಡು ಸಲ ಕಳೆದಂತಾಗುತ್ತದೆ. 30 ಗಂಟೆ ಎಂಬುದು ವರ್ಷದ ಸರಾಸರಿ. ಎಷ್ಟು ಜನ ಬೇಕು, ಗಂಟೆಗೆ ಎಷ್ಟು ಫೀಸು ಹಾಕಬೇಕು ಎಂಬ ವಾರ್ಷಿಕ ಲೆಕ್ಕಕ್ಕೆ ಅದು ಸರಿ. ಆದರೆ ವಾರದ ಹಂಚಿಕೆ ಮಾಡುವಾಗ ರಜೆಗಳು ಕ್ಯಾಲೆಂಡರಿನಲ್ಲಿ ಆಗಲೇ ಕೂತಿರಬೇಕು. ರಜೆಯಿಲ್ಲದ ವಾರದಲ್ಲಿ ಆ ವ್ಯಕ್ತಿ ನಿಜವಾಗಿಯೂ 40 ಗಂಟೆ ಕಚೇರಿಯಲ್ಲಿರುತ್ತಾರೆ, ಅದರಿಂದ ಕಚೇರಿಯ ಒಳಗಿನ ಕೆಲಸಕ್ಕೆ ನಾಲ್ಕೈದು ಗಂಟೆ ಮಾತ್ರ ತೆಗೆದು 35ರ ಮೇಲೆ ಯೋಜಿಸಬೇಕು. ರಜೆಯನ್ನು ಕ್ಯಾಲೆಂಡರಿನಲ್ಲೂ ನಮೂದಿಸಿ ಮಿತಿಯನ್ನೂ 30ಕ್ಕೆ ಇಳಿಸಿದರೆ, ಗಣೇಶ ಚತುರ್ಥಿಯ ವಾರದಲ್ಲಿ ನಿಮ್ಮ ತಂಡದ ಬಳಿ ಗಂಟೆಗಳು ನಿಜಕ್ಕಿಂತ ಕಡಿಮೆ ಇದ್ದಂತೆ ಕಾಣಿಸುತ್ತದೆ, ಇಲ್ಲದ ಕೊರತೆಯೊಂದು ಕಾಣಿಸಿಕೊಂಡು ಹೊಸಬರನ್ನು ನೇಮಿಸಿಕೊಳ್ಳುವ ಮಾತು ಶುರುವಾಗುತ್ತದೆ.

ಕ್ಯಾಲೆಂಡರ್ ತುಂಬಿಸುವಾಗ ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯಿಂದ ಆರಂಭಿಸಿ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಅವುಗಳ ಜೊತೆಗೆ ಇನ್ನೂ ಐದು ರಜೆಗಳು. ಇವುಗಳನ್ನು ಕಣ್ಣುಮುಚ್ಚಿ 80 ಗಂಟೆ ಎಂದು ಕಳೆಯಬೇಡಿ. 2026ರಲ್ಲಿ ಆಗಸ್ಟ್ 15 ಶನಿವಾರ, ನವೆಂಬರ್ 1 ಭಾನುವಾರ. ವಾರಕ್ಕೆ ಐದು ದಿನ ನಡೆಯುವ ಕಚೇರಿಗೆ ಅವೆರಡರಿಂದ ಒಂದು ಗಂಟೆಯೂ ಕಡಿಮೆಯಾಗುವುದಿಲ್ಲ. ವೈಯಕ್ತಿಕ ರಜೆಯನ್ನು ಆಯಾ ವ್ಯಕ್ತಿಯ ರಿಸೋರ್ಸ್ ಕ್ಯಾಲೆಂಡರಿನಲ್ಲೇ ಹಾಕಿ, ಮತ್ತು ಅದನ್ನು ಪ್ರಾಜೆಕ್ಟ್ ಫೈಲ್‌ನಲ್ಲಿ ಹಾಕದೆ ಪೂಲ್ ಫೈಲ್‌ನಲ್ಲಿ ಹಾಕಿ.

ಇನ್ನೊಂದು ಮಾತು, ಇದು ಯಾರೂ ಕೇಳದಿದ್ದರೂ ಹೇಳಬೇಕಾದದ್ದು. ಕೆಲವು ಕಚೇರಿಗಳಲ್ಲಿ ಹಂಚಿಕೆ ಮಿತಿ ಮೀರಿದಾಗ ಕೆಲಸವನ್ನು ಕಡಿಮೆ ಮಾಡುವ ಬದಲು ದಿನದ ಸಾಮರ್ಥ್ಯವನ್ನೇ 8ರಿಂದ 9 ಅಥವಾ 10ಕ್ಕೆ ಏರಿಸಿ ಕೆಂಪು ಬಣ್ಣವನ್ನು ಅಳಿಸುತ್ತಾರೆ. ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9, ವಾರಕ್ಕೆ 48 ಗಂಟೆ ಎಂದಿರುವುದು ಗರಿಷ್ಠ ಮಿತಿ. ಅದನ್ನು ಮೀರಿದ್ದು ಓವರ್‌ಟೈಮ್. ಮಿತಿಯನ್ನೇ ಯೋಜನೆಯ ಆರಂಭದ ಅಂಕಿಯನ್ನಾಗಿ ಮಾಡಿಕೊಂಡರೆ, ಡ್ರಾಯಿಂಗ್ ಒಂದು ತಪ್ಪಾಗಿ ಮತ್ತೆ ಮಾಡಬೇಕಾದ ದಿನ ಎಲ್ಲಿಗೆ ಹೋಗುತ್ತೀರಿ?

ಪ್ರಶ್ನೆ ಕೇಳಿದವರ ಮುಂದುವರಿಕೆ

ಇಬ್ಬರಿಗೂ ಧನ್ಯವಾದಗಳು. ಕ್ಯಾಲೆಂಡರ್ ನೋಡಿದೆ, ರಜೆಗಳು ಇರಲಿಲ್ಲ. ಡ್ರಾಫ್ಟ್ಸ್‌ಮನ್ ಅವರ ಎರಡು ಕೆಲಸಗಳು ಫಿಕ್ಸೆಡ್ ಡ್ಯೂರೇಶನ್ ಆಗಿದ್ದು, ಯಾರೋ ಅವರ ಶೇಕಡಾವನ್ನು ಇಳಿಸಿದಾಗ ಗಂಟೆಗಳೂ ಇಳಿದಿವೆ. ಅಲ್ಲಿಗೆ ಒಂದು ಗಂಟು ಬಿಚ್ಚಿದಂತಾಯಿತು.

ಹಿರಿಯ ಇಂಜಿನಿಯರರ ವಿಷಯ ಮಾತ್ರ ಇದರಿಂದ ಬಗೆಹರಿಯುತ್ತಿಲ್ಲ. ಮೂರು ಪ್ರಾಜೆಕ್ಟ್‌ಗಳಿಂದ 30, 40, 25, ಒಟ್ಟು 95. ವಾರಕ್ಕೆ 38 ಗಂಟೆ. ಆದರೆ ಕಳೆದ ವಾರ ನಡೆದದ್ದು ಹೀಗೆ. ದೇವನಹಳ್ಳಿ ಸೈಟ್‌ನಿಂದ ಭಾನುವಾರ ರಾತ್ರಿ ಗುತ್ತಿಗೆದಾರರ ಫೋನು: ‘ಸರ್, ನಾಳೆ ಮಧ್ಯಾಹ್ನ ಸ್ಲ್ಯಾಬ್ ಹಾಕುತ್ತೇವೆ, ಬೆಳಿಗ್ಗೆ ಬಂದು ಕಂಬಿ ನೋಡಿ ಹೋಗಿ.’ ಹಂಚಿಕೆಯಲ್ಲಿ ಸೈಟ್ ಭೇಟಿಗೆ ಎರಡು ಗಂಟೆ ಇದೆ. ಜಯನಗರದಿಂದ ದೇವನಹಳ್ಳಿಗೆ 40 ಕಿಲೋಮೀಟರ್ ಆಸುಪಾಸು, ನಡುವೆ ಹೆಬ್ಬಾಳದ ಟ್ರಾಫಿಕ್. ಬೆಳಿಗ್ಗೆ ಹೊರಟವರು ಮೇಜಿಗೆ ಮರಳಿದಾಗ ಮಧ್ಯಾಹ್ನ ಮೂರು ದಾಟಿತ್ತು. ಉಳಿದ ದಿನಗಳಲ್ಲಿ ಕಿರಿಯರು ಮಾಡಿದ ಡ್ರಾಯಿಂಗ್‌ಗಳನ್ನು ಪರಿಶೀಲಿಸಿ ಸಹಿ ಹಾಕುವ ಕೆಲಸ. ಅದಕ್ಕೆ ಯಾವ ಪ್ರಾಜೆಕ್ಟಿನ ಮುಖ್ಯಸ್ಥರೂ ಗಂಟೆ ಹಾಕಿಲ್ಲ, ಏಕೆಂದರೆ ಅದು ಡ್ರಾಯಿಂಗ್ ಮಾಡುವ ಕೆಲಸದೊಳಗೇ ಸೇರಿದೆ ಎಂದು ಎಲ್ಲರೂ ಭಾವಿಸಿದ್ದಾರೆ. ಸಹಿಗಾಗಿ ಕಾಯುವ ಡ್ರಾಯಿಂಗ್‌ಗಳು ಅವರ ಮೇಜಿನ ಮೇಲೆ ಬೆಳೆಯುತ್ತಲೇ ಇವೆ.

ಉತ್ತರ: ಸ್ವತಂತ್ರ ಸ್ಟ್ರಕ್ಚರಲ್ ಸಲಹೆಗಾರ, ಮಲ್ಲೇಶ್ವರ

ಈಗ ವಿಷಯ ಬೆಳಕಿಗೆ ಬಂತು. ನೀವು ಹಂಚುತ್ತಿರುವುದು ಆ ವ್ಯಕ್ತಿಯ ಗಂಟೆಯನ್ನು. ನಿಮ್ಮ ಕಚೇರಿಗೆ ಕೊರತೆ ಇರುವುದು ಅವರ ಪರಿಶೀಲನೆಯ ಗಂಟೆ. ಮೂವತ್ತು ಜನರ ಒಟ್ಟು ಸಾಮರ್ಥ್ಯವನ್ನು ಕೂಡಿಸಿ ನೋಡಿದರೆ ಗಂಟೆಗಳು ಧಾರಾಳವಾಗಿ ಕಾಣುತ್ತವೆ, ಆದರೆ ಸಹಿ ಹಾಕಬಲ್ಲವರು ಇಬ್ಬರೇ ಇದ್ದರೆ ಉಳಿದವರ ಬಿಡುವು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಇಂಥ ಜಾಗದಲ್ಲಿ ಶೇಕಡಾ 95 ಎಂಬುದು ಒಳ್ಳೆಯ ಅಂಕಿಯೇ ಅಲ್ಲ. ಕೆಲಸ ಗೊತ್ತಾದ ಹೊತ್ತಿಗೆ ಬಾರದೆ ಮನಬಂದಂತೆ ಬಂದು ಬೀಳುವಾಗ, ಮತ್ತು ಪ್ರತಿ ಕೆಲಸಕ್ಕೆ ಹಿಡಿಯುವ ಹೊತ್ತೂ ಹೆಚ್ಚುಕಡಿಮೆ ಆಗುತ್ತಿರುವಾಗ, ಸರದಿಯಲ್ಲಿ ಕಾಯುವ ಹೊತ್ತನ್ನು ಅಂದಾಜಿಸಲು ಸರಳವಾದ ಸೂತ್ರವೊಂದಿದೆ: ತುಂಬಿರುವ ಭಾಗವನ್ನು ಖಾಲಿ ಇರುವ ಭಾಗದಿಂದ ಭಾಗಿಸಿ. ಶೇಕಡಾ 80 ತುಂಬಿದ್ದರೆ 80 ಭಾಗಿಸು 20, ಅಂದರೆ ಒಂದು ಕೆಲಸ ತನ್ನ ಸ್ವಂತ ಹೊತ್ತಿನ 4 ಪಟ್ಟು ಕಾಯುತ್ತದೆ. 90 ತುಂಬಿದ್ದರೆ 9 ಪಟ್ಟು. 95 ತುಂಬಿದ್ದರೆ 19 ಪಟ್ಟು. ಒಂದು ಡ್ರಾಯಿಂಗ್ ಪರಿಶೀಲಿಸಲು ಎರಡು ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಅದು ಮೇಜಿನ ಮೇಲೆ ಕಾಯುವುದು ಕ್ರಮವಾಗಿ 8, 18 ಮತ್ತು 38 ಗಂಟೆ. ಇದು ಒಬ್ಬರೇ ಪರಿಶೀಲಕರಿದ್ದು, ಬಂದ ಕೆಲಸವನ್ನು ಬಂದ ಸರದಿಯಲ್ಲೇ ನೋಡುವಾಗಿನ ಸರಾಸರಿ. ನಿಮ್ಮಲ್ಲಿ ಅಂಕಿ ಸ್ವಲ್ಪ ಬೇರೆ ಇರಬಹುದು, ಆದರೆ 80ರ ನಂತರ ಅದು ಏರುವ ರೀತಿ ಹೀಗೆಯೇ. ಎರಡು ಮೂರು ದಿನದ ವಿಳಂಬಕ್ಕೆ ಬೇರೆ ಕಾರಣ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

ಆದ್ದರಿಂದ ಪರಿಶೀಲನೆಯನ್ನು ಪ್ರತಿ ಡ್ರಾಯಿಂಗ್ ಸರಣಿಯ ಕೆಳಗೂ ಬೇರೆ ಟಾಸ್ಕ್ ಆಗಿ ಬರೆಸಿ, ಅದಕ್ಕೆ ಹಿರಿಯರ ಹೆಸರನ್ನೂ ಗಂಟೆಯನ್ನೂ ಹಾಕಿಸಿ. ಅವರ ಒಟ್ಟು ಹಂಚಿಕೆ ಆಗ 120 ದಾಟಿದರೆ ಗಾಬರಿಯಾಗಬೇಡಿ. ಆ 120 ಇಷ್ಟು ದಿನವೂ ಇತ್ತು, ಕಾಣಿಸುತ್ತಿರಲಿಲ್ಲ ಅಷ್ಟೇ. ನಂತರ ಅವರ ಬಳಿ ಇರುವ ಲೆಕ್ಕಾಚಾರದ ಕೆಲಸಗಳಲ್ಲಿ ಕಿರಿಯರು ಮಾಡಬಹುದಾದದ್ದನ್ನು ಕೆಳಗಿಳಿಸಿ, ಅವರನ್ನು 75ರ ಆಸುಪಾಸಿಗೆ ತನ್ನಿ. ಸೈಟ್ ಭೇಟಿಗೆ ಎರಡು ಗಂಟೆ ಎಂದು ಬರೆಯುವುದನ್ನು ಇಂದೇ ನಿಲ್ಲಿಸಿ. ಬೆಂಗಳೂರಿನಲ್ಲಿ ಊರ ಹೊರಗಿನ ಸೈಟ್ ಎಂದರೆ ಅರ್ಧ ದಿನ, ನಾಲ್ಕು ಗಂಟೆಗೆ ಕಡಿಮೆ ಇಲ್ಲ. ಕಾಂಕ್ರೀಟ್ ದಿನಾಂಕ ನಮ್ಮ ಕೈಯಲ್ಲಿರುವುದಿಲ್ಲ, ಮಳೆ ಬಂದರೆ ಮುಂದಕ್ಕೆ ಹೋಗುತ್ತದೆ, ಕಂಬಿ ಕಟ್ಟುವವರು ಬಾರದಿದ್ದರೂ ಹೋಗುತ್ತದೆ. ಹಾಗಾಗಿ ದಿನಾಂಕ ಹಾಕದೆ ವಾರಕ್ಕೊಂದು ಅರ್ಧ ದಿನವನ್ನು ಸೈಟ್ ಎಂದು ಕಾಯ್ದಿರಿಸಿ, ಯಲಹಂಕ ಮತ್ತು ದೇವನಹಳ್ಳಿಯಂಥ ಒಂದೇ ದಿಕ್ಕಿನ ಸೈಟ್‌ಗಳನ್ನು ಸಾಧ್ಯವಾದಾಗ ಒಂದೇ ಸುತ್ತಿನಲ್ಲಿ ಮುಗಿಸುವುದು ಮೇಲು.

ಉತ್ತರ: ರಿಸೋರ್ಸ್ ಪ್ಲಾನರ್, ಬೆಳ್ಳಂದೂರು

ಟೆಂಡರ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಬಹಳ ಕಡೆ ನಡೆಯುವ ಪದ್ಧತಿ ಎಂದರೆ, ಕೆಲಸ ಸಿಗುವ ಸಾಧ್ಯತೆ ಶೇಕಡಾ 50 ಎಂದು ಅಂದಾಜಿಸಿ, 80 ಗಂಟೆಯ ಬದಲು 40 ಗಂಟೆ ಹಾಕಿಡುವುದು. ನೂರಾರು ಪ್ರಾಜೆಕ್ಟ್‌ಗಳಿರುವ ದೊಡ್ಡ ಕಂಪನಿಯ ಒಟ್ಟು ಅಂದಾಜಿಗೆ ಅದು ಸರಿಹೊಂದಬಹುದು. ನಿಮಗೆ ಹೊಂದುವುದಿಲ್ಲ, ಏಕೆಂದರೆ ನಿಮಗೆ ಬರುವುದು ಒಂದೋ 80 ಗಂಟೆ, ಇಲ್ಲವೋ ಸೊನ್ನೆ. 40 ಎಂದೂ ಬರುವುದಿಲ್ಲ. ಪೂರ್ತಿ ಗಂಟೆಯನ್ನೇ ಹಾಕಿ, ಆದರೆ ತಾತ್ಕಾಲಿಕ ಎಂಬ ಗುರುತಿನೊಂದಿಗೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ರಿಸೋರ್ಸ್ ವಿವರದ ಒಳಗೆ ಬುಕಿಂಗ್ ಟೈಪ್ ಎಂಬಲ್ಲಿ ‘ಕಮಿಟೆಡ್’ (ಖಚಿತ) ಮತ್ತು ‘ಪ್ರಪೋಸ್ಡ್’ (ತಾತ್ಕಾಲಿಕ) ಎಂಬ ಎರಡು ಆಯ್ಕೆಗಳಿವೆ. ಪ್ರಪೋಸ್ಡ್ ಆಗಿರುವವರನ್ನು ಲೆವೆಲಿಂಗ್‌ಗೆ ಸೇರಿಸಬೇಕೋ ಬೇಡವೋ ಎಂಬುದಕ್ಕೂ ಒಂದು ಗುರುತುಪೆಟ್ಟಿಗೆ ಇದೆ. ಅದನ್ನು ಒಮ್ಮೆ ಬಿಟ್ಟು, ಒಮ್ಮೆ ಸೇರಿಸಿ ನೋಡಿದರೆ, ಟೆಂಡರ್ ಬಾರದ ತಿಂಗಳು ಮತ್ತು ಎರಡೂ ಒಟ್ಟಿಗೆ ಬಂದ ತಿಂಗಳು ಎರಡರ ಚಿತ್ರವೂ ಸಿಗುತ್ತದೆ. ತಾತ್ಕಾಲಿಕ ಬುಕಿಂಗ್‌ಗೆ ಕೊನೆಯ ದಿನಾಂಕವೊಂದು ಇರಲಿ. ಅದರೊಳಗೆ ಟೆಂಡರ್ ತೀರ್ಮಾನವಾಗದಿದ್ದರೆ ಹೆಸರು ತಾನಾಗಿ ಬಿಡುಗಡೆಯಾಗಬೇಕು. ಇಲ್ಲದಿದ್ದರೆ ಕೈಬಿಟ್ಟ ಟೆಂಡರ್‌ಗಳು ವರ್ಷಗಟ್ಟಲೆ ಜನರನ್ನು ಹಿಡಿದಿಟ್ಟುಕೊಳ್ಳುತ್ತವೆ.

ಮೇಲಿನವರು ಹೇಳಿದ ವಾರದ ಗಂಟೆಗೆ ನನ್ನದೊಂದು ತಕರಾರು ಇದೆ. ಅದು ಮುಂದಿನ ಆರು ವಾರಗಳಿಗೆ ಮಾತ್ರ ಯೋಗ್ಯ. ಅದರಾಚೆಗೆ ವ್ಯಕ್ತಿಯ ಹೆಸರು ಹಾಕುವುದೇ ವ್ಯರ್ಥ. ‘ಹಿರಿಯ ಇಂಜಿನಿಯರ್’, ‘ಡ್ರಾಫ್ಟ್ಸ್‌ಮನ್’ ಎಂದು ಹುದ್ದೆಯ ಹೆಸರಿನ ಜೆನೆರಿಕ್ ರಿಸೋರ್ಸ್ ಹಾಕಿ ತಿಂಗಳ ಗಂಟೆ ಬರೆದರೆ ಸಾಕು. ನಮ್ಮ ಐಟಿ ವಲಯದಲ್ಲಿ ಮೂರು ತಿಂಗಳ ನೋಟಿಸ್ ಅವಧಿ ಸಾಮಾನ್ಯವಾದ್ದರಿಂದ, ಇಂದು ಆಯ್ಕೆಯಾದ ಮನುಷ್ಯ ಬಂದು ಕೂರುವುದು ಮುಂದಿನ ತ್ರೈಮಾಸಿಕದಲ್ಲಿ. ಹೆಸರಿಲ್ಲದ ಹುದ್ದೆಯ ಸಾಲು ಅಷ್ಟು ಮೊದಲೇ ತುಂಬಿ ತುಳುಕುತ್ತಿರುವುದು ಕಂಡರೆ ಮಾತ್ರ ನೇಮಕಾತಿ ಸಮಯಕ್ಕೆ ಸರಿಯಾಗಿ ಶುರುವಾಗುತ್ತದೆ.

ಕೊನೆಯದಾಗಿ, ಪ್ರಾಜೆಕ್ಟ್ ಮುಖ್ಯಸ್ಥರೇ ನೇರವಾಗಿ ಹೆಸರು ಬರೆದುಕೊಳ್ಳುವ ಪದ್ಧತಿ ಇರುವವರೆಗೆ ಯಾವ ಸೂತ್ರವೂ ನಿಲ್ಲುವುದಿಲ್ಲ. ಅವರು ಕೋರಿಕೆ ಸಲ್ಲಿಸಲಿ, ನೀವು ಬುಕ್ ಮಾಡಿ. ಇಬ್ಬರು ಒಂದೇ ವಾರಕ್ಕೆ ಒಬ್ಬರನ್ನೇ ಕೇಳಿದಾಗ ಯಾವುದು ಮುಂದೆ ಎಂದು ಹೇಳುವ ಅಧಿಕಾರ ನಿಮ್ಮ ನಿರ್ದೇಶಕರಲ್ಲಿ ಒಬ್ಬರಿಗೆ ಇರಬೇಕು. ಸಂಯೋಜಕಿಯ ಮೇಲೆ ಆ ಜಗಳವನ್ನು ಹೇರುವುದು ನ್ಯಾಯವಲ್ಲ, ಏಕೆಂದರೆ ಇಬ್ಬರಿಗೂ ಇಲ್ಲ ಎನ್ನುವ ಅಧಿಕಾರ ಆಕೆಗೆ ಇರುವುದಿಲ್ಲ.

ಪ್ರಶ್ನೆ ಕೇಳಿದವರ ಮುಂದುವರಿಕೆ

ಬಹಳ ಉಪಯೋಗವಾಯಿತು. ನಿರ್ದೇಶಕರೊಬ್ಬರು ಸೋಮವಾರದ ಸಭೆಗೆ ಬರಲು ಒಪ್ಪಿದ್ದಾರೆ. ಒಂದು ಸಣ್ಣ ವಿಷಯ ಉಳಿಯಿತು: ನಿಜವಾಗಿ ದುಡಿದ ಗಂಟೆ ಬರೆಯುವ ಟೈಮ್‌ಶೀಟ್‌ನಲ್ಲಿ 18 ಗಂಟೆ ಬಂದಿದ್ದು ಹಂಚಿಕೆಯಲ್ಲಿ 12 ಇದ್ದರೆ, ಹಿಂದಿನ ವಾರದ ಹಂಚಿಕೆಯನ್ನು 18ಕ್ಕೆ ತಿದ್ದಿ ಸರಿಹೊಂದಿಸಬೇಕೇ? ನಮ್ಮಲ್ಲಿ ಕೆಲವರು ಹಾಗೆ ಮಾಡುತ್ತಿದ್ದಾರೆ.

ಉತ್ತರ: ಸಿಬ್ಬಂದಿ ಮತ್ತು ಲೆಕ್ಕಪತ್ರ ವಿಭಾಗ, ರಾಜಾಜಿನಗರ

ಬೇಡ. ತಿದ್ದಿದರೆ ನಿಮ್ಮ ಅಂದಾಜು ಎಲ್ಲಿ ಜಾರುತ್ತಿದೆ ಎಂಬುದನ್ನು ತೋರಿಸುವ ಏಕೈಕ ಪುರಾವೆ ಅಳಿಸಿಹೋಗುತ್ತದೆ. ಪ್ರಾಜೆಕ್ಟ್ ಆರಂಭಕ್ಕೆ ಬೇಸ್‌ಲೈನ್, ಅಂದರೆ ಆ ಹೊತ್ತಿನ ಯೋಜನೆಯ ನಕಲು, ಉಳಿಸಿಕೊಳ್ಳಿ; ಒಂದು ಫೈಲ್‌ನಲ್ಲಿ ಒಟ್ಟು 11 ಬೇಸ್‌ಲೈನ್‌ಗಳಿಗೆ ಜಾಗವಿದೆ, ವ್ಯಾಪ್ತಿ ಬದಲಾದಾಗಲೆಲ್ಲ ಹೊಸದೊಂದನ್ನು ಉಳಿಸಬಹುದು. ನಡೆದ 18 ಗಂಟೆಯನ್ನು ‘ಆ್ಯಕ್ಚುಯಲ್ ವರ್ಕ್’ನಲ್ಲಿ ನಮೂದಿಸಿ, ನಂತರ ಉಳಿದ ಕೆಲಸಕ್ಕೆ ಇನ್ನೆಷ್ಟು ಗಂಟೆ ಬೇಕು ಎಂದು ಅದನ್ನು ಮಾಡುವವರನ್ನೇ ಕೇಳಿ ‘ರಿಮೇನಿಂಗ್ ವರ್ಕ್’ ಅನ್ನು ಮಾತ್ರ ಬದಲಿಸಿ. ಟೈಮ್‌ಶೀಟ್ ಅನ್ನು ಶುಕ್ರವಾರ ಸಂಜೆ ನೆನಪಿನಿಂದ ತುಂಬಿಸುವ ಅಭ್ಯಾಸವಿದ್ದರೆ ಅದನ್ನು ದಿನದ ಅಭ್ಯಾಸವನ್ನಾಗಿ ಬದಲಿಸಿ, ಏಕೆಂದರೆ ನೆನಪಿನಿಂದ ಬರೆದವರು ಸಾಮಾನ್ಯವಾಗಿ ಹಂಚಿಕೆಯ ಅಂಕಿಯನ್ನೇ ನೋಡಿ 12 ಎಂದು ಬರೆದುಬಿಡುತ್ತಾರೆ. ದೇವನಹಳ್ಳಿ ಪ್ರಯಾಣದ ಗಂಟೆಗಳಿಗೆ ಟೈಮ್‌ಶೀಟ್‌ನಲ್ಲಿ ಪ್ರತ್ಯೇಕ ಕೋಡ್ ಕೊಡುವುದು ಒಳ್ಳೆಯದು. ಮುಂದಿನ ಬಾರಿ ಊರ ಹೊರಗಿನ ಕೆಲಸಕ್ಕೆ ಫೀಸು ಹೇಳುವಾಗ ಆ ಅಂಕಿ ನಿಮಗೆ ಬೇಕಾಗುತ್ತದೆ.